ಹಬ್ಬದ ಬಾಟಲಿಯ ಮೇಲೆ ವಿಧವೆ

ಹೋದ ಡಿಸೆಂಬರ್‌ನ ಒಂದು ರಾತ್ರಿ, ಸುಮಾರು ಎರಡು ಗಂಟೆಗೆ, ಕಳಕ್ಕೂಟ್ಟಂನ ನಮ್ಮ ಫ್ಲ್ಯಾಟಿನ ಅಡುಗೆಮನೆಯಲ್ಲಿ ಬಾಟಲಿಯೊಂದು ಸಿಡಿಯಿತು. ಸಿಲಿಂಡರೇ ಹೋಯಿತೆಂದು ಎದ್ದು ಓಡಿದೆವು. ಸಿಲಿಂಡರ್ ತನ್ನ ಪಾಡಿಗೆ ತಾನಿತ್ತು. ಬಿಳಿ ಟೈಲ್ಸಿನ ಮೇಲೆ, ಕುಕ್ಕರಿನ ಮೇಲೆ, ಊರಿಂದ ತಂದಿದ್ದ ರಾಗಿಹಿಟ್ಟಿನ ಡಬ್ಬದ ಮೇಲೆ ಎಲ್ಲೆಲ್ಲೂ ಕೆಂಪು. ಗಾಜಿನ ಚೂರು ಕಿಟಕಿಯವರೆಗೆ ಹಾರಿತ್ತು.

ಅದು ಕೊಚ್ಚಿಯಿಂದ ತಂದಿದ್ದ ಮನೆ ವೈನ್. ತಿರುವನಂತಪುರದ ಟೆಕ್ನೋಪಾರ್ಕಿಗೆ ಬರುವ ಮುಂಚೆ ನಾನು ಐದು ವರ್ಷ ಕೊಚ್ಚಿಯ ಇನ್ಫೋಪಾರ್ಕಿನಲ್ಲಿದ್ದೆ. ಕಾಕ್ಕನಾಡಿನಲ್ಲಿ ನಾವು ಬಾಡಿಗೆಗಿದ್ದ ಮನೆಯ ಒಡತಿಯನ್ನು ಚೇಚಿ ಎಂದೇ ಕರೆಯುತ್ತಿದ್ದೆವು. ಕ್ರಿಸ್‌ಮಸ್‌ಗೆ ಎರಡು ತಿಂಗಳಿದೆ ಎನ್ನುವಾಗ ಅವರು ಕಪ್ಪು ದ್ರಾಕ್ಷಿ ತಂದು ತೊಳೆದು ಹಿಚುಕಿ, ಸಕ್ಕರೆ, ಒಂದು ಹಿಡಿ ಗೋಧಿ, ಲವಂಗ, ಚಕ್ಕೆ ಸೇರಿಸಿ ಭರಣಿಯಲ್ಲಿ ತುಂಬಿ ಬಾಯಿಗೆ ಬಟ್ಟೆ ಕಟ್ಟುತ್ತಿದ್ದರು. ದಿನಾ ಮರದ ಸೌಟಿನಲ್ಲಿ ಕಲಕುವುದು, 21 ದಿನಕ್ಕೆ ಸೋಸುವುದು, ಆಮೇಲೆ ತಿಳಿಯಾಗಲು ಬಿಡುವುದು. ಹಬ್ಬದ ದಿನ ಪ್ಲಮ್ ಕೇಕಿನ ಜೊತೆ ಒಂದೊಂದು ಪುಟ್ಟ ಲೋಟ. ಮನೆಯಲ್ಲಿ ವೈನ್ ಮಾಡುವುದು ಅಪರಾಧ ಎಂದು ಕೇರಳದ ಅಬಕಾರಿ ಇಲಾಖೆ 2019ರ ಕ್ರಿಸ್‌ಮಸ್‌ಗೆ ಮುಂಚೆ ಎಚ್ಚರಿಸಿತ್ತು. ಆದ್ದರಿಂದ ಚೇಚಿಯ ಹೆಸರು, ಬೀದಿ ಯಾವುದನ್ನೂ ನಾನಿಲ್ಲಿ ಹೇಳುವುದಿಲ್ಲ.

ಬಾಟಲಿ ಕೊಡುವಾಗ ಮುಚ್ಚಳ ಬಿಗಿ ಮಾಡಬೇಡ ಎಂದು ಅವರು ಎರಡು ಸಲ ಹೇಳಿದ್ದರು. ಬ್ಯಾಗಿನಲ್ಲಿ ಲ್ಯಾಪ್‌ಟಾಪ್ ಇತ್ತಲ್ಲ, ಚೆಲ್ಲೀತೆಂದು ಬಿಗಿಯಾಗಿ ತಿರುಗಿಸಿದೆ. ಮನೆಗೆ ಬಂದ ಮೇಲೆ ಸಡಿಲಿಸುವುದು ಮರೆತೇಹೋಯಿತು. ಎಂಟೆಕ್ ಮಾಡಿದವಳಿಗೆ ಇಷ್ಟು ತಿಳಿಯಬೇಕಿತ್ತು. ಬೇಸಿಗೆಯಲ್ಲಿ ದೋಸೆಹಿಟ್ಟು ಉಕ್ಕಿ ಪಾತ್ರೆಯ ಮುಚ್ಚಳ ಎತ್ತುತ್ತದಲ್ಲ, ಅದೇ ಕಥೆ ಇದು. ಸಕ್ಕರೆ ಇನ್ನೂ ಉಳಿದಿದ್ದರೆ ಯೀಸ್ಟ್ ಅದನ್ನು ತಿನ್ನುತ್ತಲೇ ಇರುತ್ತದೆ, ಗಾಳಿ ಬಿಡುತ್ತಲೇ ಇರುತ್ತದೆ. ಒಂದು ಲೀಟರಿನಲ್ಲಿ ಸುಮಾರು 4 ಗ್ರಾಂ, ಅಂದರೆ ಒಂದು ಚಿಕ್ಕ ಚಮಚ ಸಕ್ಕರೆ ಹುದುಗಿದರೆ ಒಳಗೆ ಒಂದು ವಾಯುಭಾರದಷ್ಟು ಒತ್ತಡ ಏರುತ್ತದೆ. ಆರು ಚಮಚಕ್ಕೆ ಆರು ವಾಯುಭಾರ. ಶಾಂಪೇನ್ ಬಾಟಲಿಯೊಳಗಿರುವುದು ಇಷ್ಟೇ, ಐದರಿಂದ ಆರು. ಕಾರಿನ ಟಯರಿನ ಎರಡೂವರೆ ಮೂರು ಪಟ್ಟು. ಚೇಚಿ ಕೊಟ್ಟದ್ದು ಅಷ್ಟು ಒತ್ತಡ ತಡೆಯುವ ಬಾಟಲಿಯಲ್ಲ.

ಟೈಲ್ಸ್ ಒರೆಸಿ ಮುಗಿಸಿದ ಮೇಲೆ ನಿದ್ದೆ ಬರಲಿಲ್ಲ. ಸಿಡಿಯದಂತೆ ಗುಳ್ಳೆಯನ್ನು ಬಾಟಲಿಯೊಳಗೆ ಹಿಡಿದಿಡಲು ಮೊದಲು ಕಲಿತವರು ಯಾರೆಂದು ಮೊಬೈಲಿನಲ್ಲಿ ಓದುತ್ತ ಕೂತೆ. ಓದುತ್ತ ಓದುತ್ತ, ವಿಮಾನ ನಿಲ್ದಾಣದ ಡ್ಯೂಟಿ ಫ್ರೀ ಅಂಗಡಿಯಲ್ಲಿ ಎಷ್ಟೋ ಸಲ ನೋಡಿದ್ದ ಕಿತ್ತಳೆ-ಹಳದಿ ಚೀಟಿಯ ಬಾಟಲಿಯ ಮುಂದೆ ಬಂದು ನಿಂತೆ. ವವ್ ಕ್ಲಿಕೊ. ಫ್ರೆಂಚಿನಲ್ಲಿ ವವ್ ಎಂದರೆ ವಿಧವೆ. ಮದುವೆ, ಮಗುವಿನ ಹುಟ್ಟು, ಹೊಸ ವರ್ಷ ಎಂದು ಲೋಕವೆಲ್ಲ ತೆರೆಯುವ ಬಾಟಲಿಯ ಮೇಲೆ ವಿಧವೆ ಎಂದು ಬರೆದಿದೆ. ನಮ್ಮ ಕಡೆ ಶುಭಕಾರ್ಯದ ಮನೆಯಲ್ಲಿ ಆ ಮಾತನ್ನೇ ಆಡುವುದಿಲ್ಲ. ದೊಡ್ಡಬಳ್ಳಾಪುರದ ನಮ್ಮ ದೊಡ್ಡಮ್ಮ ನೆನಪಾದರು. ಅವರ ವಿಷಯಕ್ಕೆ ಆಮೇಲೆ ಬರುತ್ತೇನೆ.

ಬಾರ್ಬ್-ನಿಕೋಲ್ ಪೊನ್ಸಾರ್ಡಾಂ ಹುಟ್ಟಿದ್ದು 1777ರ ಡಿಸೆಂಬರ್ 16ರಂದು, ಪ್ಯಾರಿಸ್‌ನ ಈಶಾನ್ಯಕ್ಕಿರುವ ರೀಮ್ಸ್ ನಗರದಲ್ಲಿ. ಫ್ರಾನ್ಸಿನ ರಾಜರಿಗೆ ಪಟ್ಟಾಭಿಷೇಕ ನಡೆಯುತ್ತಿದ್ದ ಊರು ಅದು. ಊರಿನ ಹೊಟ್ಟೆ ಹೊರೆಯುತ್ತಿದ್ದುದು ಮಾತ್ರ ಉಣ್ಣೆಬಟ್ಟೆ. ಅಪ್ಪ ನಿಕೋಲಾ ಪೊನ್ಸಾರ್ಡಾಂ ದೊಡ್ಡ ಬಟ್ಟೆ ವ್ಯಾಪಾರಿ. ಮಗ್ಗದ ಸದ್ದಿನ ಊರಲ್ಲಿ ಬೆಳೆದ ನನಗೆ ಇಲ್ಲಿಂದಲೇ ಕಥೆ ಹತ್ತಿರವಾಯಿತು.

1789ರಲ್ಲಿ ಕ್ರಾಂತಿ ಸಿಡಿದಾಗ ಆಕೆಗೆ 11 ವರ್ಷ. ಕ್ರೈಸ್ತ ಸನ್ಯಾಸಿನಿಯರ ಶಾಲೆಯಲ್ಲಿ ಓದುತ್ತಿದ್ದ ಹುಡುಗಿಗೆ ಮನೆಯ ದರ್ಜಿ ಹೆಂಗಸು ಬಡ ರೈತರ ಮಗುವಿನ ಬಟ್ಟೆ ತೊಡಿಸಿ ಗಲಾಟೆಯ ಬೀದಿಗಳಲ್ಲಿ ಕೈ ಹಿಡಿದು ದಾಟಿಸಿದಳು ಎಂದು ಮನೆತನದಲ್ಲಿ ಹೇಳಿಕೊಂಡು ಬಂದ ಕಥೆ. ಅಪ್ಪ ಗಾಳಿ ಬಂದಾಗ ತೂರಿಕೊಳ್ಳುವ ಜಾಣ. ರಾಜನಿದ್ದಾಗ ರಾಜಭಕ್ತ, ಕ್ರಾಂತಿ ಬಂದಾಗ ಕ್ರಾಂತಿಕಾರಿ, ನೆಪೋಲಿಯನ್ ಬಂದಾಗ ಆತನಿಂದಲೇ ಊರಿನ ಮೇಯರ್ ಪದವಿ, ಮುಂದೆ ಬ್ಯಾರನ್ ಬಿರುದು. ಇಂಥ ಮನೆಯಲ್ಲಿ ಬೆಳೆದ ಹುಡುಗಿ ಒಂದಂತೂ ಕಲಿತಿರಬೇಕು: ಸರ್ಕಾರಗಳು ಬರುತ್ತವೆ, ಹೋಗುತ್ತವೆ, ಗೋದಾಮು ಉಳಿಯಬೇಕು.

1798ರ ಜೂನ್‌ನಲ್ಲಿ ಮದುವೆ. ಕ್ರಾಂತಿಯ ಬಿಸಿ ಇನ್ನೂ ಆರಿರದ ಕಾಲವಾದ್ದರಿಂದ ಪಾದ್ರಿಯನ್ನು ಗುಟ್ಟಾಗಿ ಕರೆಸಿ ನೆಲಮಾಳಿಗೆಯಲ್ಲಿ ಮದುವೆ ಮಾಡಿದರಂತೆ. ಮುಂದಿನ ಅವಳ ಬದುಕೆಲ್ಲ ನೆಲಮಾಳಿಗೆಗಳ ಸುತ್ತಲೇ ಸುತ್ತಿತು. ಗಂಡ ಫ್ರಾನ್ಸ್ವಾ ಕ್ಲಿಕೊ ಇನ್ನೊಂದು ಬಟ್ಟೆ ವ್ಯಾಪಾರಿ ಮನೆತನದ ಒಬ್ಬನೇ ಮಗ. ಮಾವ ಫಿಲಿಪ್ ಕ್ಲಿಕೊ 1772ರಲ್ಲಿ ಬಟ್ಟೆಯ ಜೊತೆಗೆ ಸಣ್ಣದಾಗಿ ವೈನ್ ವ್ಯಾಪಾರವನ್ನೂ ಆರಂಭಿಸಿದ್ದರು. ಮಗನಿಗೆ ಬಟ್ಟೆ ಬೇಡ, ವೈನೇ ಬೇಕು. ಗಂಡಹೆಂಡತಿ ಇಬ್ಬರೂ ಗಾಡಿಯಲ್ಲಿ ದ್ರಾಕ್ಷಿ ತೋಟಗಳನ್ನು ಸುತ್ತಿದರು. 1799ರ ಮಾರ್ಚ್‌ನಲ್ಲಿ ಮಗಳು ಕ್ಲೆಮೆಂಟೀನ್ ಹುಟ್ಟಿದಳು. ಫ್ರಾನ್ಸ್ವಾ ಗಿರಾಕಿಗಳನ್ನು ಹುಡುಕಿಕೊಂಡು ಜರ್ಮನಿ, ಸ್ವಿಟ್ಜರ್‌ಲೆಂಡ್ ತಿರುಗಿದ. ದಾರಿಯಲ್ಲಿ ಲೂಯಿ ಬೋನ್ ಎಂಬ ಜರ್ಮನ್ ಮಾರಾಟಗಾರ ಸಿಕ್ಕಿದ. ಕುಳ್ಳಗೆ, ದಪ್ಪಗೆ, ಹಲವು ಭಾಷೆ ಬಲ್ಲ ಈ ಬೋನ್ ಇಲ್ಲದೆ ಮುಂದಿನ ಕಥೆಯೇ ಇಲ್ಲ.

1805ರ ಅಕ್ಟೋಬರ್‌ನಲ್ಲಿ ಫ್ರಾನ್ಸ್ವಾ ಜ್ವರ ಹಿಡಿದು ಕೆಲವೇ ದಿನಗಳಲ್ಲಿ ತೀರಿಹೋದ. ವಿಷಮಶೀತಜ್ವರ ಎಂದರು. ವ್ಯಾಪಾರ ಸೋತದ್ದಕ್ಕೆ ಜೀವ ತೆಗೆದುಕೊಂಡ ಎಂದು ಊರಿನ ಬಾಯಿ ಬೇರೆಯೇ ಪಿಸುಗುಟ್ಟಿತು. ಬಾರ್ಬ್-ನಿಕೋಲ್‌ಗೆ 27 ವರ್ಷ, ಮಗಳಿಗೆ 6. ಒಬ್ಬನೇ ಮಗನನ್ನು ಕಳೆದುಕೊಂಡ ಮಾವ ವೈನ್ ವ್ಯಾಪಾರ ಮುಚ್ಚಿಬಿಡಲು ನಿರ್ಧರಿಸಿದರು.

ಆಗ ಸೊಸೆ ಮಾವನ ಮುಂದೆ ಹೋಗಿ, ಮುಚ್ಚಬೇಡಿ, ನಾನು ನಡೆಸುತ್ತೇನೆ, ಬಂಡವಾಳ ಹಾಕಿ ಎಂದು ಕೇಳಿದಳು. ಈ ಒಂದು ದೃಶ್ಯದ ಮುಂದೆ ನಾನು ಬಹಳ ಹೊತ್ತು ನಿಂತೆ. ಮಾವ ಒಪ್ಪಿದರು, ಷರತ್ತಿನ ಮೇಲೆ. ಅನುಭವಸ್ಥ ವೈನ್ ವ್ಯಾಪಾರಿ ಅಲೆಕ್ಸಾಂಡ್ರ್ ಫೂರ್ನೋ ಜೊತೆ ನಾಲ್ಕು ವರ್ಷ ಪಾಲುದಾರಿಕೆ. ಕಲಿ, ಆಮೇಲೆ ನೋಡೋಣ. ಆ ನಾಲ್ಕು ವರ್ಷದಲ್ಲಿ ಲಾಭವೇನೂ ಬರಲಿಲ್ಲ, ಕೆಲಸ ಬಂತು. 1810ರಲ್ಲಿ ಪಾಲುದಾರಿಕೆ ಮುಗಿದಾಗ ಮಾವ ಮತ್ತೊಮ್ಮೆ ಹಣ ಹಾಕಿದರು. ಈ ಸಲ ಬೋರ್ಡಿನ ಮೇಲೆ ಅವಳೊಬ್ಬಳ ಹೆಸರು: ವವ್ ಕ್ಲಿಕೊ-ಪೊನ್ಸಾರ್ಡಾಂ. ಗಂಡನ ಮನೆ, ತವರುಮನೆ ಎರಡೂ ಹೆಸರು, ಅವುಗಳ ಮುಂದೆ ವಿಧವೆ.

ಅನುಕಂಪ ಗಿಟ್ಟಿಸಲು ಸೇರಿಸಿದ ಪದವಲ್ಲ ಅದು. 1804ರ ನೆಪೋಲಿಯನ್ ಕಾನೂನಿನಲ್ಲಿ ಮದುವೆಯಾದ ಹೆಂಗಸು ಗಂಡನ ಒಪ್ಪಿಗೆ ಇಲ್ಲದೆ ಒಪ್ಪಂದಕ್ಕೆ ಸಹಿ ಹಾಕುವಂತಿರಲಿಲ್ಲ, ವ್ಯಾಪಾರ ಮಾಡುವಂತಿರಲಿಲ್ಲ. ವಿಧವೆಗಾದರೆ ಗಂಡಸಿನಂತೆ ಆಸ್ತಿ, ಸಾಲ, ಸಹಿ ಎಲ್ಲ ಇತ್ತು. ಬಾಟಲಿಯ ಮೇಲಿನ ಆ ಪದ ಗಿರಾಕಿಗೂ ಸಾಲಗಾರನಿಗೂ ಹೇಳುತ್ತಿದ್ದುದು ಇಷ್ಟು: ಇವಳ ಸಹಿ ನಡೆಯುತ್ತದೆ. ಮರುಮದುವೆಯಾದರೆ ಆ ಸಹಿ ಮತ್ತೆ ಗಂಡನ ಕೈಗೆ. 27ಕ್ಕೆ ವಿಧವೆಯಾದವಳು 88ರವರೆಗೆ ಬದುಕಿದಳು, ಮರುಮದುವೆಯಾಗಲಿಲ್ಲ.

ಕಾಲ ಹೇಗಿತ್ತೆಂದು ನಮ್ಮ ಕಡೆಗೂ ಸ್ವಲ್ಪ ನೋಡಬಹುದು. ಅದೇ 1810ರಲ್ಲಿ ಮೈಸೂರಿನ ರಾಣಿ ಲಕ್ಷ್ಮಮ್ಮಣ್ಣಿ ತೀರಿಕೊಂಡರು. ಗಂಡ ಹೋದ ಮೇಲೆ ಹೈದರ್, ಟಿಪ್ಪು ಕಾಲವನ್ನೆಲ್ಲ ಕಾದು, ಪತ್ರಗಳ ಮೇಲೆ ಪತ್ರ ಬರೆಸಿ ಒಡೆಯರ ಗದ್ದುಗೆಯನ್ನು ಹಿಂದಕ್ಕೆ ಪಡೆದ ವಿಧವೆ ಅವರು. ಅದೇ ವರ್ಷ ಇಲ್ಲಿ ತಿರುವಿತಾಂಕೂರಿನಲ್ಲಿ ಹತ್ತೊಂಬತ್ತರ ಹರೆಯದ ಗೌರಿ ಲಕ್ಷ್ಮೀಬಾಯಿ ಅಧಿಕಾರಕ್ಕೆ ಬಂದರು. ಅರಮನೆಯಲ್ಲಿ ನಡೆಯುತ್ತಿದ್ದುದು ಬೀದಿಯ ಮನೆಗಳಲ್ಲಿ ನಡೆಯುತ್ತಿರಲಿಲ್ಲ ಎನ್ನುವುದು ಬೇರೆ ಮಾತು.

ನಮ್ಮ ದೊಡ್ಡಮ್ಮನದು ಬೀದಿಯ ಮನೆ. ದೊಡ್ಡಬಳ್ಳಾಪುರದಲ್ಲಿ ನಾಲ್ಕು ಪವರ್‌ಲೂಮ್. ದೊಡ್ಡಪ್ಪ ತೀರಿಕೊಂಡಾಗ ಅವರಿಗೆ 31. ಮಗ್ಗ ಮಾರಿ ಮಕ್ಕಳನ್ನು ಕಟ್ಟಿಕೊಂಡು ತವರಿಗೆ ಹೋಗು ಎಂದರು ಎಲ್ಲರೂ. ಅವರು ಮಾರಲಿಲ್ಲ. ಸಾಲಕ್ಕೆ ಹೋದಲ್ಲಿ ಗಂಡಸರ ಸಹಿ ಬೇಕೆಂದರು; ಕಾನೂನಿನಲ್ಲಿ ಅಂಥದ್ದೇನೂ ಇರಲಿಲ್ಲ, ರೂಢಿಯಲ್ಲಿತ್ತು. ತಮ್ಮನನ್ನು, ಎಂದರೆ ನಮ್ಮ ಮಾವನನ್ನು, ಕರೆದುಕೊಂಡು ಹೋಗಿ ಸಹಿ ಹಾಕಿಸಿದರು. ವಾರ್ಪು ಕಟ್ಟುವುದರಿಂದ ಹಿಡಿದು ಬೆಂಗಳೂರಿನ ಚಿಕ್ಕಪೇಟೆಯ ಅಂಗಡಿಗಳಲ್ಲಿ ಬಾಕಿ ವಸೂಲಿಯವರೆಗೆ ಎಲ್ಲ ಅವರೇ. ಬಾಗಿಲ ಮೇಲಿನ ಬೋರ್ಡಿನಲ್ಲಿ ಮಾತ್ರ ಇವತ್ತಿಗೂ ದೊಡ್ಡಪ್ಪನ ಹೆಸರು.

ಮತ್ತೆ ರೀಮ್ಸ್‌ಗೆ. ವ್ಯಾಪಾರಕ್ಕೆ ಅದಕ್ಕಿಂತ ಕೆಟ್ಟ ಕಾಲ ಇನ್ನೊಂದಿರಲಿಲ್ಲ. ನೆಪೋಲಿಯನ್ ಒಂದಾದ ಮೇಲೊಂದು ಯುದ್ಧ ಹೂಡುತ್ತಿದ್ದ, ಬ್ರಿಟಿಷ್ ನೌಕೆಗಳು ಬಂದರುಗಳನ್ನು ಮುತ್ತಿದ್ದವು. ಹೊರಟ ಸರಕು ನಡುದಾರಿಯ ಬಂದರಿನಲ್ಲಿ ಸಿಕ್ಕಿಬಿದ್ದು ಬಿಸಿಲಿಗೆ ಕೆಡುತ್ತಿತ್ತು. ಬೋನ್ ರಷ್ಯಾದಲ್ಲಿ ಬಾಗಿಲಿಂದ ಬಾಗಿಲಿಗೆ ತಿರುಗುತ್ತ ಪತ್ರ ಬರೆಯುತ್ತಿದ್ದ. ಅಲ್ಲಿನ ಸಾಮ್ರಾಜ್ಞಿ ಬಸುರಿ ಎಂಬ ಸುದ್ದಿ ಸಿಕ್ಕಾಗ, ಮಗು ಹುಟ್ಟಿದರೆ ದೇಶವೆಲ್ಲ ಶಾಂಪೇನ್ ಕೇಳುತ್ತದೆ, ಪ್ರತಿಸ್ಪರ್ಧಿಗಳಿಗೆ ಗೊತ್ತಾಗದಿರಲಿ ಎಂದು ಗುಟ್ಟಾಗಿ ತಿಳಿಸಿದ. ಇವತ್ತಿನ ಸೇಲ್ಸ್ ವಿಭಾಗದವರು ಇದನ್ನು ಮಾರುಕಟ್ಟೆ ಮಾಹಿತಿ ಎನ್ನುತ್ತಾರೆ. ಕೊನೆಗೆ ರಷ್ಯಾವೂ ಫ್ರಾನ್ಸಿನ ಬಾಟಲಿ ವೈನಿಗೆ ಬಾಗಿಲು ಹಾಕಿತು.

1811ರಲ್ಲಿ ಆಕಾಶದಲ್ಲಿ ದೊಡ್ಡ ಧೂಮಕೇತು ಕಾಣಿಸಿಕೊಂಡು ತಿಂಗಳುಗಟ್ಟಲೆ ಬರಿಗಣ್ಣಿಗೆ ಕಾಣುತ್ತಿತ್ತು. ನಮ್ಮಲ್ಲಾದರೆ ಅಪಶಕುನ ಎನ್ನುತ್ತಿದ್ದೆವು. ಶಾಂಪೇನ್ ಸೀಮೆಯಲ್ಲಿ ಆ ವರ್ಷ ದ್ರಾಕ್ಷಿ ಬೆಳೆ ಅಪರೂಪಕ್ಕೆ ಚೆನ್ನಾಗಿ ಬಂತು. ಆ ವೈನಿಗೆ ಧೂಮಕೇತುವಿನ ವೈನ್ ಎಂದೇ ಹೆಸರಾಯಿತು. ಆಕೆಯ ಬಾಟಲಿಗಳ ಬಿರಡೆಯ ಮೇಲೂ ಧೂಮಕೇತುವಿನ ಗುರುತು ಬಂತು. ಆದರೆ ಕೊಳ್ಳುವವರಿಲ್ಲ. ಒಳ್ಳೆಯ ಮಾಲೆಲ್ಲ ನೆಲಮಾಳಿಗೆಯಲ್ಲಿ ಕೂತಿತು.

1814ರ ಆರಂಭದಲ್ಲಿ ರಷ್ಯಾ, ಪ್ರಷ್ಯಾದ ಸೈನ್ಯ ರೀಮ್ಸ್‌ಗೇ ನುಗ್ಗಿತು. ಸೈನಿಕರು ನೆಲಮಾಳಿಗೆಗಳಿಗೆ ಇಳಿದು ಕುಡಿದರು. ಇಂದು ಕುಡಿಯಲಿ, ನಾಳೆ ದುಡ್ಡು ಕೊಟ್ಟು ಕೊಳ್ಳುತ್ತಾರೆ ಎಂದು ಆಕೆ ಸಮಾಧಾನ ಮಾಡಿಕೊಂಡಳೆಂದು ಕಥೆ ಕಟ್ಟಿದ್ದಾರೆ. ಏನು ಹೇಳಿದಳೋ ಬಿಡಿ, ಮಾಡಿದ್ದು ದಾಖಲೆಯಲ್ಲಿದೆ. ಏಪ್ರಿಲ್‌ನಲ್ಲಿ ನೆಪೋಲಿಯನ್ ಅಧಿಕಾರ ಬಿಟ್ಟ ಮೇಲೆ, ರಷ್ಯಾದ ನಿಷೇಧ ತೆರವಾಗುವವರೆಗೂ ಕಾಯದೆ, ಯಾರಿಗೂ ತಿಳಿಸದೆ ಡಚ್ಚರ ಒಂದು ಹಡಗನ್ನು ಬಾಡಿಗೆಗೆ ಹಿಡಿದಳು. ಅದರಲ್ಲಿ 1811ರ ವೈನಿನ 10,550 ಬಾಟಲಿ. ಜೊತೆಗೆ ಬೋನ್. ಜೂನ್‌ನಲ್ಲಿ ರುವಾಂ ಬಂದರಿನಿಂದ ಹೊರಟ ಹಡಗು ಜುಲೈ ಮೊದಲಲ್ಲಿ ಬಾಲ್ಟಿಕ್ ದಂಡೆಯ ಕೊನಿಗ್ಸ್‌ಬರ್ಗ್ ಮುಟ್ಟಿತು. ಅಷ್ಟು ಹೊತ್ತಿಗೆ ನಿಷೇಧ ಹೋಗಿತ್ತು. ಮೊಯೆಟ್‌ನಂಥ ದೊಡ್ಡ ಪ್ರತಿಸ್ಪರ್ಧಿಗಳ ಹಡಗು ಇನ್ನೂ ಹೊರಟೇ ಇರಲಿಲ್ಲ. ಬೋನ್ ಬಾಯಿಗೆ ಬಂದ ಬೆಲೆ ಹೇಳಿ ಮಾರಿದ. ಹಿಂದೆಯೇ 12,780 ಬಾಟಲಿಗಳ ಎರಡನೆಯ ಹಡಗು ಹೋಯಿತು. ಹಡಗು ಮುಳುಗಿದ್ದರೆ, ಇಲ್ಲವೇ ನಿಷೇಧ ಇನ್ನೂ ಆರು ತಿಂಗಳು ಉಳಿದಿದ್ದರೆ, ಅವಳ ಹೆಸರು ಇವತ್ತು ಯಾರಿಗೂ ಗೊತ್ತಿರುತ್ತಿರಲಿಲ್ಲ.

ಅದೇ ಬೇಸಿಗೆಯ ಇನ್ನೊಂದು ಸಂಗತಿ ಕೊಚ್ಚಿಗೆ ಸೇರಿದ್ದು. 1814ರ ಆಗಸ್ಟ್ 13ರ ಒಪ್ಪಂದದಲ್ಲಿ ಡಚ್ಚರು ಕೊಚ್ಚಿಯನ್ನು ಇಂಗ್ಲಿಷರಿಗೆ ಬಿಟ್ಟುಕೊಟ್ಟು, ಬದಲಿಗೆ ಇಂಡೋನೇಷ್ಯಾದ ಬಂಕಾ ದ್ವೀಪ ಪಡೆದರು. ನೆಪೋಲಿಯನ್ ಬಿದ್ದಾಗ ಅಲ್ಲಿ ಒಬ್ಬ ವಿಧವೆಯ ಅದೃಷ್ಟ ತಿರುಗಿತು, ಇಲ್ಲಿ ಒಂದು ಬಂದರಿನ ಒಡೆತನ ತಿರುಗಿತು. ಫೋರ್ಟ್ ಕೊಚ್ಚಿಯಲ್ಲಿ ಓಡಾಡುವಾಗ ಈಗ ನನಗೆ ಎರಡೂ ಒಟ್ಟಿಗೇ ನೆನಪಾಗುತ್ತವೆ.

ಬೇಡಿಕೆ ಬಂದ ಮೇಲೆ ನಿಜವಾದ ತೊಂದರೆ ಶುರುವಾಯಿತು. ಅದೇ ನನ್ನಂಥವರಿಗೆ ಕಥೆಯ ಸ್ವಾರಸ್ಯದ ಭಾಗ.

ಶಾಂಪೇನ್ ಎರಡು ಸಲ ಹುದುಗುತ್ತದೆ. ಮೊದಲು ಪೀಪಾಯಿಯಲ್ಲಿ, ಎಲ್ಲ ವೈನಿನ ಹಾಗೆ. ಆಮೇಲೆ ಬೇರೆ ಬೇರೆ ತೋಟಗಳ ವೈನ್ ಹದವಾಗಿ ಬೆರೆಸಿ, ಸ್ವಲ್ಪ ಸಕ್ಕರೆ, ಯೀಸ್ಟ್ ಸೇರಿಸಿ ದಪ್ಪ ಗಾಜಿನ ಬಾಟಲಿಗೆ ತುಂಬಿ ಮುಚ್ಚುತ್ತಾರೆ. ಬಾಟಲಿಯೊಳಗೇ ಎರಡನೆಯ ಹುದುಗು. ಗಾಳಿ ಹೊರಹೋಗಲು ದಾರಿ ಇಲ್ಲದೆ ವೈನಿನಲ್ಲೇ ಕರಗಿ ಕೂರುತ್ತದೆ. ಅಂದಿನ ಗಾಜು ಕಳಪೆ, ಸಕ್ಕರೆಯ ಲೆಕ್ಕ ಕಣ್ಣಂದಾಜು. ಒಂದು ಬಾಟಲಿ ಸಿಡಿದರೆ ಪಕ್ಕದ್ದು, ಅದರ ಪಕ್ಕದ್ದು ಎಂದು ಸಾಲೇ ಹೋಗುತ್ತಿತ್ತು. ನೆಲಮಾಳಿಗೆಗೆ ಇಳಿಯುವ ಆಳುಗಳು ಮುಖಕ್ಕೆ ಕಬ್ಬಿಣದ ಬಲೆ ಕಟ್ಟಿಕೊಳ್ಳುತ್ತಿದ್ದರು. ಸಕ್ಕರೆಯನ್ನು ಅಳೆದು ಹಾಕುವ ಲೆಕ್ಕವನ್ನು ಶಾಲೋನ್ ಊರಿನ ಔಷಧಿ ವ್ಯಾಪಾರಿಯೊಬ್ಬ ಕೊಟ್ಟದ್ದು 1836ರಲ್ಲಿ. ಹುದುಗಿಸುವುದು ಜೀವವಿರುವ ಯೀಸ್ಟ್ ಎಂದು ಲೂಯಿ ಪಾಶ್ಚರ್ ಪ್ರಯೋಗ ಮಾಡಿ ತೋರಿಸಿದ್ದು 1850ರ ದಶಕದ ಕೊನೆಗೆ. ಆಗ ಈಕೆಗೆ 80. ಅಂದರೆ ಬಾಟಲಿಯೊಳಗೆ ಏನು ನಡೆಯುತ್ತಿದೆ ಎಂಬುದನ್ನು ತಿಳಿಯದೆಯೇ ಆಕೆ ಅದನ್ನು ಪಳಗಿಸಬೇಕಿತ್ತು.

ಸಿಡಿಯದೆ ಉಳಿದ ಬಾಟಲಿಯದು ಇನ್ನೊಂದು ಕಾಟ. ಕೆಲಸ ಮುಗಿಸಿ ಸತ್ತ ಯೀಸ್ಟ್ ತಳದಲ್ಲಿ ಗಸಿಯಾಗಿ ನಿಲ್ಲುತ್ತದೆ. ಅಲುಗಿಸಿದರೆ ವೈನ್ ಕದಡಿ ಮಜ್ಜಿಗೆ ನೀರಿನಂತಾಗುತ್ತದೆ. ಬೇರೆ ಬಾಟಲಿಗೆ ಬಗ್ಗಿಸಿ ಸೋಸಿದರೆ ಗುಳ್ಳೆ ಹೋಗುತ್ತದೆ, ವೈನೂ ವ್ಯರ್ಥ. ಮುಚ್ಚಳ ತೆಗೆಯದೆ ತಳದ ಕೊಳೆ ತೆಗೆಯುವುದು ಹೇಗೆ? ಚೇಚಿಯ ಭರಣಿಗೆ ಬಟ್ಟೆ ಸಾಕು, ಅಲ್ಲಿ ಗುಳ್ಳೆ ಉಳಿಯಬೇಕಿಲ್ಲ. ಇಲ್ಲಿ ಗುಳ್ಳೆಯೇ ಬೆಲೆ.

ಅಡುಗೆಮನೆಯ ಮೇಜೊಂದನ್ನು ನೆಲಮಾಳಿಗೆಗೆ ಸಾಗಿಸಿ, ಹಲಗೆಯಲ್ಲಿ ಸಾಲಾಗಿ ತೂತು ಕೊರೆಸಿ, ಬಾಟಲಿಗಳನ್ನು ತಲೆಕೆಳಗಾಗಿ ಅದರಲ್ಲಿ ನಿಲ್ಲಿಸಿದರು. ಸಂಸ್ಥೆ ಇದಕ್ಕೆ ಕೊಡುವ ವರ್ಷ 1816. ಆಕೆಯ ಯೋಚನೆ ಎಷ್ಟು, ನೆಲಮಾಳಿಗೆಯ ಮೇಸ್ತ್ರಿ ಆಂತ್ವಾನ್ ಮ್ಯುಲರ್‌ನ ಕೈಚಳಕ ಎಷ್ಟು ಎಂದು ಬೇರೆ ಮಾಡುವುದು ಕಷ್ಟ. ನೇರ ತೂತನ್ನು ಓರೆಯಾಗಿ ಕೊರೆದು ಸುಧಾರಿಸಿದ ಹೆಚ್ಚಿನ ಶ್ರೇಯ ಅವನಿಗೇ ಹೋಗುತ್ತದೆ. ದಿನವೂ ಪ್ರತಿ ಬಾಟಲಿಯನ್ನು ಹಿಡಿದು ಚೂರು ಅಲುಗಿಸಿ, ಚೂರು ತಿರುಗಿಸಿ, ಚೂರು ಚೂರಾಗಿ ಹೆಚ್ಚು ನೇರ ಮಾಡುತ್ತ ಹೋಗಬೇಕು. ಆರೆಂಟು ವಾರದಲ್ಲಿ ಗಸಿಯೆಲ್ಲ ಜಾರಿ ಬಂದು ಬಾಟಲಿಯ ಕತ್ತಿನಲ್ಲಿ, ಬಿರಡೆಯ ಮೇಲೆ ಕೂರುತ್ತದೆ. ನುರಿತ ಆಳು ಬಿರಡೆಯನ್ನು ಗಕ್ಕನೆ ತೆಗೆದರೆ ಒಳಗಿನ ಒತ್ತಡವೇ ಗಸಿಯನ್ನು ಹೊರಗೆ ಉಗಿಯುತ್ತದೆ. ತಕ್ಷಣ ಹೆಬ್ಬೆರಳಲ್ಲಿ ಮುಚ್ಚಿ, ಕಡಿಮೆಯಾದಷ್ಟು ಸಿಹಿ ವೈನ್ ತುಂಬಿ, ಹೊಸ ಬಿರಡೆ ಹಾಕಿ ಕಟ್ಟಿದರೆ ಮುಗಿಯಿತು. ಯಾವುದು ಕಾಟ ಕೊಡುತ್ತಿತ್ತೋ ಆ ಒತ್ತಡವನ್ನೇ ಆಳಾಗಿ ದುಡಿಸಿಕೊಂಡದ್ದು ನನಗೆ ಬಹಳ ಹಿಡಿಸಿತು. ಆಫೀಸಿನಲ್ಲಿ ದಿನಕ್ಕೆ ಹತ್ತು ಸಲ ಬಾಟಲ್‌ನೆಕ್ ಎನ್ನುತ್ತೇವೆ. ಅದನ್ನು ನಿಜವಾಗಿ ಬಿಡಿಸಿದವರು ಇವರು.

ಇದು ಒಂದು ದಿನದ ಚಮತ್ಕಾರವಲ್ಲ, ದಿನದಿನದ ತಿರುಗಿಸಾಟ. ನುರಿತ ಕೈ ದಿನಕ್ಕೆ ಹತ್ತಾರು ಸಾವಿರ ಬಾಟಲಿ ತಿರುಗಿಸುತ್ತಿತ್ತು. ಈಗ ಹೆಚ್ಚಿನ ಕಡೆ ಯಂತ್ರದ ತೊಟ್ಟಿಲು ಅದನ್ನೇ ಒಂದು ವಾರದಲ್ಲಿ ಮುಗಿಸುತ್ತದೆ. ಉಪಾಯ ಮಾತ್ರ ಅದೇ. ವರ್ಷಗಟ್ಟಲೆ ಆಕೆ ಇದನ್ನು ಗುಟ್ಟಾಗಿಟ್ಟಳು. ಪ್ರತಿಸ್ಪರ್ಧಿಗಳು ಇವಳ ವೈನ್ ಇಷ್ಟು ತಿಳಿ ಹೇಗೆ ಎಂದು ತಲೆ ಕೆಡಿಸಿಕೊಂಡರು. ಗುಟ್ಟು ನಿಧಾನವಾಗಿ ಸೋರಿಯೇ ಸೋರಿತು. ಅವಳ ಬಳಿ ಸುಮಾರು ಇಪ್ಪತ್ತು ವರ್ಷ ದುಡಿದ ಜಾರ್ಜ್ ಕೆಸ್ಲರ್ 1826ರಲ್ಲಿ ಜರ್ಮನಿಯ ಎಸ್ಲಿಂಗನ್‌ಗೆ ಹೋಗಿ ಆ ದೇಶದ ಮೊದಲ ನೊರೆವೈನ್ ಸಂಸ್ಥೆ ಕಟ್ಟಿದ.

ಆಕೆಯ ವೈನಿನ ರುಚಿ ಹೇಗಿತ್ತು ಎಂದು ಊಹಿಸಬೇಕಾಗಿಲ್ಲ. 2010ರಲ್ಲಿ ಫಿನ್‌ಲೆಂಡ್ ಬಳಿಯ ಬಾಲ್ಟಿಕ್ ಸಮುದ್ರದಡಿ ಹಳೆಯ ಹಡಗೊಂದರಲ್ಲಿ 168 ಬಾಟಲಿ ಸಿಕ್ಕವು. ಅವುಗಳಲ್ಲಿ ಹಲವು ಆಕೆಯವು, ಆಕೆ ಬದುಕಿದ್ದ ಕಾಲದವು. ಬಿರಡೆಯ ಮೇಲೆ ಧೂಮಕೇತು ಇತ್ತು. ವಿಜ್ಞಾನಿಗಳು ಪರೀಕ್ಷಿಸಿದಾಗ ಲೀಟರಿಗೆ ಸುಮಾರು 150 ಗ್ರಾಂ ಸಕ್ಕರೆ ಕಂಡಿತು. ಈಗಿನ ಶಾಂಪೇನಿನಲ್ಲಿ ಸಾಮಾನ್ಯವಾಗಿ 12 ಗ್ರಾಂ ದಾಟುವುದಿಲ್ಲ. ರಷ್ಯನ್ನರಿಗೆ ಅಷ್ಟೂ ಸಾಲದಂತೆ ಇನ್ನೂ ಸಿಹಿ ಬೇಕಿತ್ತು. ಚೇಚಿಯ ಹಬ್ಬದ ವೈನ್ ಅವರಿಗೆ ಹಿಡಿಸುತ್ತಿತ್ತೇನೋ.

1818ರಲ್ಲಿ ಆಕೆ ಬೂಜಿ ಎಂಬ ಹಳ್ಳಿಯ ತನ್ನ ತೋಟದ ಕೆಂಪು ವೈನನ್ನು ಬಿಳಿ ವೈನಿಗೆ ಬೆರೆಸಿ ಗುಲಾಬಿ ಬಣ್ಣದ ಶಾಂಪೇನ್ ಮಾಡಿದಳು. ಅದಕ್ಕೆ ಮುಂಚೆ ಬಣ್ಣಕ್ಕೆ ಕಾಡುಹಣ್ಣಿನ ರಸ ಹಾಕುತ್ತಿದ್ದರು. ಈ ಬೂಜಿ ಎಂಬ ಹೆಸರು ನನ್ನನ್ನು ಬೆಚ್ಚಿಸಿತು. ನಮ್ಮೂರಿನ ಪಕ್ಕದಲ್ಲೇ ಕೇಳಿದ್ದ ಹೆಸರದು. ನಂದಿಬೆಟ್ಟದ ತಪ್ಪಲಲ್ಲಿ, ದೊಡ್ಡಬಳ್ಳಾಪುರದಿಂದ ಸ್ವಲ್ಪವೇ ದೂರದಲ್ಲಿ ಕನ್ವಲ್ ಗ್ರೋವರ್ ಎಂಬವರು 1988ರಲ್ಲಿ ಕುಟುಂಬದ ವೈನ್ ಸಂಸ್ಥೆ ಶುರು ಮಾಡಿದರು. 1992ರಲ್ಲಿ ಅವರ ಮೊದಲ ವೈನ್ ಬಂತು. ಇಲ್ಲಿ ಯಾವ ಬಳ್ಳಿ ಹಿಡಿಯುತ್ತದೆಂದು ಹೇಳಲು ಅವರು ಫ್ರಾನ್ಸಿನಿಂದ ಕರೆತಂದಿದ್ದ ಜಾರ್ಜ್ ವೆಸೆಲ್ ಬೂಜಿಯವರು, ಆ ಊರಿನ ಮೇಯರ್ ಆಗಿದ್ದವರು. 1990ರ ದಶಕದಲ್ಲಿ ಆ ಸಂಸ್ಥೆಯಲ್ಲಿ ಸ್ವಲ್ಪ ಪಾಲು ಕೊಂಡಿದ್ದು ಯಾರು? ವವ್ ಕ್ಲಿಕೊ. ಬೆಂಗಳೂರು ಬ್ಲೂ ದ್ರಾಕ್ಷಿಯನ್ನು ಪುಟ್ಟಿಯಲ್ಲಿ ಹೊತ್ತು ಮಾರುವವರ ನಡುವೆ ಬೆಳೆದ ನಾನು, ಸ್ಕೂಲ್ ಬಸ್ಸಿನ ಕಿಟಕಿಯಿಂದ ಕಾಣುತ್ತಿದ್ದ ಬೇರೆ ತರಹದ ಬಳ್ಳಿಸಾಲುಗಳಿಗೂ ರೀಮ್ಸಿನ ವಿಧವೆಗೂ ನಂಟಿತ್ತೆಂದು ತಿಳಿಯಲು ಕಳಕ್ಕೂಟ್ಟಂನಲ್ಲಿ ಬಾಟಲಿ ಸಿಡಿಯಬೇಕಾಯಿತು.

ಆಕೆಯನ್ನು ದೇವತೆ ಮಾಡುವುದು ಬೇಡ. ಬ್ಯಾಂಕ್ ನಡೆಸಲು ಹೋಗಿ ಕೈ ಸುಟ್ಟುಕೊಂಡಳು. 1828ರಲ್ಲಿ ಪ್ಯಾರಿಸ್ಸಿನ ಬ್ಯಾಂಕೊಂದು ಮುಳುಗಿದಾಗ ಅವಳದೂ ಜೊತೆಗೆ ಮುಳುಗುತ್ತಿತ್ತು. ಉಳಿಸಿದವನು ಎಡ್ವರ್ಡ್ ವೆರ್ಲೆ. 1821ರಲ್ಲಿ ಗುಮಾಸ್ತನಾಗಿ ಸೇರಿದ್ದ ಈ ಜರ್ಮನ್ ಯುವಕ ತನ್ನದೆನ್ನುವ ಹಣವನ್ನೆಲ್ಲ ಒತ್ತೆಯಿಟ್ಟು ಓಡಾಡಿದ. ಬ್ಯಾಂಕ್, ಬಟ್ಟೆ ಎಲ್ಲ ಬಿಟ್ಟು ವೈನೊಂದನ್ನೇ ಹಿಡಿಯುವಂತೆ ಮಾಡಿದವನೂ ಅವನೇ. 1831ರಲ್ಲಿ ಆತ ಪಾಲುದಾರನಾದ.

ಮಗಳ ವಿಷಯದಲ್ಲಿ ಮಾತ್ರ ನನಗೆ ಆಕೆಯ ಮೇಲೆ ಸಿಟ್ಟಿದೆ. ಕ್ಲೆಮೆಂಟೀನ್‌ಳನ್ನು 1817ರಲ್ಲಿ ಶವಿನ್ಯೆ ಎಂಬ ಬರಿಗೈ ಕೌಂಟ್‌ಗೆ ಮದುವೆ ಮಾಡಿಕೊಟ್ಟಳು. ಅಳಿಯ ಪೋಲಿ ಪದ್ಯ ಬರೆಯುವ, ನೀರಿನಂತೆ ದುಡ್ಡು ಚೆಲ್ಲುವ ಆಸಾಮಿ. ಸಾಲ ಮಾಡುತ್ತಿದ್ದ, ಅತ್ತೆ ತೀರಿಸುತ್ತಿದ್ದಳು. ತಾನು ಲೆಕ್ಕದ ಪುಸ್ತಕ ಹಿಡಿದು ಗೆದ್ದವಳು ಮಗಳ ಕೈಗೆ ಲೆಕ್ಕದ ಪುಸ್ತಕ ಕೊಡಲಿಲ್ಲ. ಮಗಳು, ಅಳಿಯ, ಮೊಮ್ಮಗಳು ಇವರಿಗೆ ಬೂರ್ಸೋ ಬೆಟ್ಟದ ಮೇಲೆ ಅರಮನೆಯಂಥ ಮನೆ ಕಟ್ಟಿಸಿದಳು, ತೋಟ ಕೊಟ್ಟಳು. ಸಂಸ್ಥೆಯನ್ನು ಕೊಟ್ಟದ್ದು ವೆರ್ಲೆಗೆ. ರಕ್ತಕ್ಕೆ ಆಸ್ತಿ, ದುಡಿದವನಿಗೆ ಕೆಲಸ. ವ್ಯಾಪಾರದ ದೃಷ್ಟಿಯಿಂದ ಅದು ಸರಿಯೇ ಆಯಿತು. ಆಕೆಯ ಕೊನೆಗಾಲಕ್ಕೆ ವರ್ಷಕ್ಕೆ 7.5 ಲಕ್ಷ ಬಾಟಲಿ ಹೋಗುತ್ತಿತ್ತು. ಕುಟುಂಬದ ಸಂಸ್ಥೆ ಎಂದು ಹೆಸರಾದದ್ದು ಕುಟುಂಬದ ಕೈಯಿಂದ ಹೊರಗೆ ಹೋದದ್ದು ಹೀಗೆ. ಈಗಂತೂ ಅದು ಎಲ್‌ವಿಎಂಎಚ್ ಎಂಬ ದೊಡ್ಡ ಕಂಪನಿಯ ಒಂದು ಅಂಗ. ಆಕೆಯ ಮರಿಮಗಳು ಆನ್ ಮಾತ್ರ ಮುತ್ತಜ್ಜಿಯಂತೆಯೇ ಗಟ್ಟಿ. ಮುಂದೆ ಯೂಜೆಸ್‌ನ ಡಚೆಸ್ ಆದ ಈಕೆ 1898ರಲ್ಲಿ ಕಾರು ಓಡಿಸುವ ಪರವಾನಗಿ ಪಡೆದು, ಅದೇ ವರ್ಷ ವೇಗ ಮೀರಿ ದಂಡವನ್ನೂ ಕಟ್ಟಿದಳು.

ಮಗಳು ಕ್ಲೆಮೆಂಟೀನ್ 1863ರಲ್ಲಿ ಅಮ್ಮನಿಗಿಂತ ಮೊದಲೇ ಹೋದಳು. ಬಾರ್ಬ್-ನಿಕೋಲ್ 1866ರ ಜುಲೈ 29ರಂದು ಬೂರ್ಸೋದಲ್ಲಿ ತೀರಿಕೊಂಡಳು. ಆ ಹೊತ್ತಿಗೆ ಎಷ್ಟೋ ದೇಶಗಳಲ್ಲಿ ಅಂಗಡಿಗೆ ಹೋಗಿ ವಿಧವೆಯನ್ನು ಕೊಡಿ ಎಂದರೆ ಸಾಕು, ಯಾವ ಬಾಟಲಿ ಎಂದು ಯಾರೂ ಕೇಳುತ್ತಿರಲಿಲ್ಲ.

ನನ್ನ ಮದುವೆ ದೊಡ್ಡಬಳ್ಳಾಪುರದ ಛತ್ರದಲ್ಲಾಯಿತು. ಧಾರೆ ಸೀರೆ ದೊಡ್ಡಮ್ಮನ ಮಗ್ಗದ್ದು; ಮೂರು ರಾತ್ರಿ ತಾವೇ ಕೂತು ನೇಯಿಸಿದ್ದರು. ಧಾರೆ ಎರೆಯುವ ಹೊತ್ತಿಗೆ ಹುಡುಕಿದರೆ ಮಂಟಪದ ಸುತ್ತ ಎಲ್ಲೂ ಇಲ್ಲ. ಅಡುಗೆಮನೆಯ ಬಾಗಿಲ ಹಿಂದೆ ನಿಂತು ನೋಡುತ್ತಿದ್ದರು. ಯಾರೂ ನಿಲ್ಲು ಎಂದಿರಲಿಲ್ಲ, ಬಾ ಎಂದೂ ಕರೆದಿರಲಿಲ್ಲ. ನಾನು ನೋಡಿದೆ, ಕರೆಯಲು ಬಾಯಿ ಬರಲಿಲ್ಲ. ಪುರೋಹಿತರು ಅವಸರ ಮಾಡುತ್ತಿದ್ದರು ಎಂದು ನನಗೆ ನಾನೇ ಹೇಳಿಕೊಂಡೆ. ಒಂಬತ್ತು ವರ್ಷವಾಯಿತು.

ಬಾಟಲಿ ಸಿಡಿದ ಮರುವಾರ ದೊಡ್ಡಮ್ಮನಿಗೆ ಫೋನ್ ಮಾಡಿ ಈ ಕಥೆಯನ್ನೆಲ್ಲ ಹೇಳಿದೆ. ಹೆಂಡದ ವ್ಯಾಪಾರ ಎಂದು ಮೊದಲು ಮೂಗು ಮುರಿದರು. ಮಾವ ಬಂಡವಾಳ ಹಾಕಿದ್ದು ಕೇಳಿ ಸುಮ್ಮನಾದರು. ಮೇಜಿಗೆ ತೂತು ಕೊರೆದದ್ದನ್ನು ಎರಡು ಸಲ ಹೇಳಿಸಿಕೊಂಡರು. ಬಾಟಲಿಯ ಮೇಲೆ ಬರೆದದ್ದೇನು ಎಂದು ಹೇಳಿದಾಗ ಆ ಕಡೆಯಿಂದ ಸ್ವಲ್ಪ ಹೊತ್ತು ಏನೂ ಕೇಳಲಿಲ್ಲ. ಆಮೇಲೆ, ಆ ಅಳಿಯನ ಸಾಲ ತೀರಿಸುವಾಗ ಲೆಕ್ಕ ಯಾರು ಇಡುತ್ತಿದ್ದರು ಎಂದು ಕೇಳಿದರು. ಕೊನೆಕೊನೆಗೆ ವೆರ್ಲೆ ಎಂದೆ. ಬೋರ್ಡಿನ ಬಣ್ಣ ಹೋಗಿದೆ, ಸಂಕ್ರಾಂತಿಗೆ ಬರುತ್ತೀಯಲ್ಲ, ಹೊಸದು ಬರೆಸಬೇಕು, ಹೇಗೆ ಬರೆಸಬೇಕೆಂದು ಬಂದಾಗ ಕೂತು ಮಾತಾಡೋಣ ಎಂದರು. ಅಷ್ಟರಲ್ಲಿ ಅಲ್ಲಿ ಮಗ್ಗ ಶುರುವಾದ ಸದ್ದು ಕೇಳಿತು. ಕರೆಂಟ್ ಬಂತು ಎಂದು ಹೇಳಿ ಫೋನ್ ಇಟ್ಟರು.